ಖಾಲಾ ಅವರ ಕೋಣೆಯ ಗೆರೆ

ಕಲಬುರಗಿಯಿಂದ ಕಮಲಾಪುರಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಹತ್ತನೆಯ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ಆ ವಾರ ಕಾಂತಕ್ಷೇತ್ರದ ಪಾಠ. ದಂಡಕಾಂತದ ಸುತ್ತ ದಿಕ್ಸೂಚಿ ಸರಿಸುತ್ತ, ಸೂಜಿ ತಿರುಗಿದ ಕಡೆಗೆಲ್ಲ ಮಕ್ಕಳಿಂದ ಚುಕ್ಕೆ ಇಡಿಸುತ್ತಿದ್ದೆ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು.

"ನಡುವ ಏನೂ ಇಲ್ಲಲ್ರಿ ಟೀಚರ್. ಮತ್ತ ಸೂಜಿಗೆ ಹ್ಯಾಂಗ ಗೊತ್ತಾಗ್ತದ?"

ಪುಸ್ತಕದ ಉತ್ತರ ಹೇಳಿದೆ: ಕಾಂತದ ಸುತ್ತಲಿನ ಜಾಗ ಮೊದಲಿನಂತಿರುವುದಿಲ್ಲ, ಅಲ್ಲಿಗೆ ಬಂದ ಸೂಜಿಯ ಮೇಲೆ ಬಲ ಬೀಳುತ್ತದೆ, ಅದಕ್ಕೇ ಕ್ಷೇತ್ರ ಅನ್ನುವುದು. ಅವಳು ಕುಳಿತಳು, ಒಪ್ಪಲಿಲ್ಲ. ಬಸ್ಸಿನಲ್ಲಿ ಬರುವಾಗ ನನಗೂ ಸಮಾಧಾನವಾಗಲಿಲ್ಲ. ಇಂಥ ಪ್ರಶ್ನೆ ತಲೆಗೆ ಹೊಕ್ಕರೆ ನಾನು ಇಳಿಯುವ ಸ್ಟಾಪನ್ನೂ ಮರೆಯುವವಳು.

ಕೋಟೆಯ ಹತ್ತಿರದ ಮನೆಯೊಂದರ ಮಹಡಿಯಲ್ಲಿ ಬಾಡಿಗೆಗಿದ್ದೇನೆ. ಕೆಳಗಿರುವ ಮನೆಯೊಡತಿಗೆ ಓಣಿಯೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತದೆ, ನಾನೂ ಹಾಗೇ ಕರೆಯುತ್ತೇನೆ. ಅವರು ನಮಾಜು ಮಾಡುವ ಕೋಣೆಯ ಪರಸಿಕಲ್ಲಿನ ನೆಲದಲ್ಲಿ ಉಳಿಯಿಂದ ಕೊರೆದ ಒಂದು ಗೆರೆಯಿದೆ. ಮನೆ ಕಟ್ಟಿದಾಗ ಅವರ ಯಜಮಾನರು ಕಿಬ್ಲಾ, ಅಂದರೆ ಮೆಕ್ಕಾದ ದಿಕ್ಕು, ಗೊತ್ತುಮಾಡಿ ತಾವೇ ಕೊರೆದದ್ದು. ಅವರು ತೀರಿಕೊಂಡ ಮೇಲೂ ಖಾಲಾ ಆ ಗೆರೆಯ ನೇರಕ್ಕೇ ಚಾಪೆ ಹಾಸುತ್ತಾರೆ.

ಆ ಸಂಜೆ ಬಾಗಿಲಲ್ಲೇ ನನ್ನನ್ನು ತಡೆದರು. ಮೆಕ್ಕಾಕ್ಕೆ ಉಮ್ರಾ ಯಾತ್ರೆ ಹೋಗಿಬಂದ ಅವರ ತಂಗಿ ನಮಾಜಿಗೆಂದು ಹೊಸ ಚಾಪೆ ತಂದುಕೊಟ್ಟಿದ್ದರು. ಹೇಗೆ ತಿರುಗಿಸಿ ಹಾಸಬೇಕೆಂದು ತೋರಿಸುವ ಪುಟ್ಟ ದಿಕ್ಸೂಚಿಯನ್ನು ಅದಕ್ಕೆ ಹೊಲಿದಿದ್ದರು. ಅದರ ಪ್ರಕಾರ ಗೆರೆ ಸೊಟ್ಟ. ಸ್ವಲ್ಪವಲ್ಲ, ಎದ್ದು ಕಾಣುವಷ್ಟು. ಖಾಲಾಗೆ ಊಟವೇ ಸೇರುತ್ತಿರಲಿಲ್ಲ. ಮೌಲ್ವಿ ಸಾಹೇಬರು ನಿಯತ್ತು, ಮನಸ್ಸಿನ ಸಂಕಲ್ಪ, ಮುಖ್ಯ, ಹಿಂದಿನದಕ್ಕೆ ಚಿಂತೆ ಬೇಡ ಎಂದಿದ್ದರಂತೆ. ಆದರೆ ಖಾಲಾ ಅವರ ಚಿಂತೆ ನಮಾಜಿನದಲ್ಲ. ಅಷ್ಟು ಹುಷಾರಿನ ಯಜಮಾನರು ತಪ್ಪಿದ್ದರೇ ಎಂಬುದು.

"ನನ್ನ ಮಾರಿ ನೋಡಿ ಹೇಳಬ್ಯಾಡ ಬೇಟಿ," ಅಂದರು. "ಸೂಜಿ ನೋಡಿ ಹೇಳು."

ಚೀಲದಲ್ಲಿದ್ದ ಶಾಲೆಯ ದಿಕ್ಸೂಚಿಯನ್ನು ಚಾಪೆಯ ಪಕ್ಕ ಇಟ್ಟೆ. ಅದೂ ಅದೇ ಸೊಟ್ಟ ಉತ್ತರ ತೋರಿಸಿತು. ಸುಳ್ಳು ಹೇಳಿಬಿಡಲೇ ಅನ್ನಿಸಿತು, ಆದರೆ ಖಾಲಾ ಕಣ್ಣು ಕೀಳದೆ ನೋಡುತ್ತಿದ್ದರು. ಕೈ ಸುಮ್ಮನಿರಲಾರದೆ, ಮಕ್ಕಳಿಂದ ಮಾಡಿಸಿದಂತೆ ದಿಕ್ಸೂಚಿಯನ್ನು ಗೇಣು ಗೇಣು ಸರಿಸಿ ಸೀಮೆಸುಣ್ಣದಿಂದ ಗುರುತು ಹಾಕುತ್ತ ಹೋದೆ. ಹೊಸ್ತಿಲ ಕಡೆಗೆ ಬಂದಂತೆ ಸೂಜಿ ಮೆಲ್ಲಗೆ ತಿರುಗತೊಡಗಿತು. ಒಂದೇ ಕೋಣೆಯಲ್ಲಿ ಎರಡು ಉತ್ತರ ಇರುವುದುಂಟೇ? ಗುರುತುಗಳು ಬಾಗಿದ ಕಡೆ ತಲೆಯೆತ್ತಿ ನೋಡಿದೆ. ಅಲ್ಲಿ, ಚಾಪೆಯ ಹತ್ತಿರವೇ, ಕಬ್ಬಿಣದ ಬೀರು ನಿಂತಿತ್ತು.

ಅದು ಮೊದಲು ಕಿಟಕಿಯ ಹತ್ತಿರವಿತ್ತು. ಈ ಬೇಸಿಗೆ ಕೂಲರ್‌ಗೆ ಜಾಗ ಬೇಕೆಂದು ಖಾಲಾ ಅವರ ಮಗ ಇತ್ತ ದೂಡಿದ್ದ. ಅವನನ್ನು ಕರೆದು, ಬೀರುವನ್ನು ಖಾಲಿ ಮಾಡಿಸಿ, ಇಬ್ಬರೂ ಸೇರಿ ಪಡಸಾಲೆಗೆ ಎಳೆದೆವು. ಸೂಜಿ ಓಲಾಡಿ ನಿಂತಿತು. ಅದು ಹೇಳಿದಂತೆ ಚಾಪೆ ತಿರುಗಿಸಿದೆ. ಅಂಚು ಗೆರೆಗೆ ಸರಿಯಾಗಿ ಕೂಡಿತು. ನನಗೆ ಕುಣಿಯುವಷ್ಟು ಖುಷಿ. ಬೀರು ಇದ್ದ ಕಡೆಯಿಂದ ಚಾಪೆಯವರೆಗೆ ಗಾಳಿಯಲ್ಲಿ ಕೈಯಾಡಿಸಿ ನೋಡಿದೆ, ಏನೂ ತಾಗಲಿಲ್ಲ. ಕಮಲಾಪುರದ ಹುಡುಗಿ ಕೇಳಿದ್ದರಲ್ಲಿ ತಪ್ಪೇನಿತ್ತು?

ಖಾಲಾ ಬೀರುವಿನಿಂದ ತೆಗೆದ ಯಜಮಾನರ ಶೇರ್ವಾನಿಯನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಗೆರೆಯನ್ನು ಸವರುತ್ತಿದ್ದರು. ಬೀರು ಇನ್ನು ಹೊರಗೇ ಇರಲಿ ಎಂದ ಮಗ. ಅದೇ ಸರಿ ಎಂದೆ ನಾನೂ.

"ಬ್ಯಾಡ, ಒಳಗ ಇದ್ದಲ್ಲೇ ಇಡ್ರಿ," ಅಂದರು ಖಾಲಾ. "ಸೂಜಿ ಯಾ ಕಡಿ ಬೇಕಾದ್ರೂ ತಿರುಗ್ಲಿ. ನನಗ ಗೆರಿ ಅದ."