ಶೇಕಡಾ ಸಾಹೇಬರು

ಆರೋಗ್ಯ ಕಚೇರಿಯ ಅಂಕಿಅಂಶದ ಗುಮಾಸ್ತರನ್ನು ಎಲ್ಲರೂ ಶೇಕಡಾ ಸಾಹೇಬರೆಂದೇ ಕರೆಯುತ್ತಾರೆ. ಊರಿನಲ್ಲಿ ಯಾವ ವಯಸ್ಸಿನವರ ಪಾಲು ಎಷ್ಟು, ಅವರಲ್ಲಿ ಕಾಯಿಲೆ ಬೀಳುವವರ ಪಾಲು ಎಷ್ಟು ಎಂದು ಎರಡನ್ನೂ ಗುಣಿಸಿ ಗುಣಿಸಿ ಅವರ ಕಣ್ಣುಗಳು ಗುಳಿಬಿದ್ದಿವೆ. ಪಕ್ಕದವರು ಕೆಮ್ಮಿದರೆ ತಲೆಯೆತ್ತದೆ, "ನಿಮ್ಮ ವಯಸ್ಸಿಗೆ ನೂರಕ್ಕೆ ಮೂರೇ, ಸುಮ್ನೆ ಕೆಲಸ ನೋಡಿ" ಎನ್ನುತ್ತಾರೆ. "ತಲೆನೋವಿಗೆ ಮಾತ್ರೆ ಕೇಳಿದ್ರೆ ಲೆಕ್ಕ ಕೊಡ್ತೀರಲ್ಲ!" ಎಂದು ಹೆಂಡತಿ ರೇಗುತ್ತಾರೆ. ಆ ಹೆಂಡತಿಯ ಎದೆಯ ಗಂಟಿನ ವರದಿ ಇನ್ನೂ ಬಂದಿಲ್ಲ. ಸಾಹೇಬರು ಬೆಳಗಿನಿಂದ ಆರು ಸಲ ಅದೇ ಲೆಕ್ಕ ಹಾಕಿದ್ದಾರೆ, ಆರು ಸಲವೂ ಅಪಾಯ ಕಡಿಮೆಯಿರುವ ಐವತ್ತರ ವಯಸ್ಸಿನವರ ಸಾಲಿನಲ್ಲಿ. ಎದುರು ಮೇಜಿನ ಟೈಪಿಸ್ಟ್ ಇಣುಕಿ, "ಸಾರ್, ಅಮ್ಮಾವ್ರಿಗೆ ಹೋದ ತಿಂಗಳೇ ಅರವತ್ತು ತುಂಬ್ತಲ್ವಾ?" ಎಂದಳು. "ಗೊತ್ತಮ್ಮ," ಎಂದರು ಸಾಹೇಬರು, "ವರದಿ ಬರೋವರೆಗೂ ಅಲ್ಲೇ ಇರ್ಲಿ ಬಿಡು."