ಎರಡು ಗೋಡೆ, ಒಬ್ಬ ಅಡಿಕೋಲು ಭಾವ

ನಮ್ಮ ಅಡಿಕೋಲು ಭಾವ ಮನೆ ಕೊಂಡದ್ದು ಒಂದು ಚುಕ್ಕೆಗೆರೆಯನ್ನು ನಂಬಿ. ಹದಿನೆಂಟು ವರ್ಷದ ಹಿಂದೆ ರೈಲ್ವೆ ಯೋಜನಾ ಕಚೇರಿಯ ಭೂಪಟವೊಂದರಲ್ಲಿ, ಊರಾಚೆಯ ಬಯಲಿನ ಮೇಲೆ ಹೆಬ್ಬೆರಳಿನಷ್ಟು ದೊಡ್ಡ ಚುಕ್ಕೆಗಳ ಚೌಕವಿತ್ತು. ಪಕ್ಕದಲ್ಲಿ ‘ಉದ್ದೇಶಿತ ನಿಲ್ದಾಣ’ ಎಂದು ಬರೆದಿತ್ತು. ಬರೆದವರು ಭಾವನೇ. ತನ್ನ ಕೈಬರಹವನ್ನೇ ನಂಬದ ಮನುಷ್ಯ ಇನ್ಯಾರದನ್ನು ನಂಬಬೇಕು? ಎರಡೇ ವರ್ಷದಲ್ಲಿ ಸ್ಟೇಷನ್ ಬಂದುಬಿಡುತ್ತದೆ ಎಂದು ಅಕ್ಕನಿಗೆ ಹೇಳಿ, ಆ ಚೌಕದಿಂದ ಸ್ಕೂಟರಿನಲ್ಲಿ ಎಂಟು ನಿಮಿಷದ ದೂರದಲ್ಲಿ ಮನೆ ಕೊಂಡರು. ಅಂಥ ಎರಡು ವರ್ಷಗಳು ಒಂಬತ್ತು ಸಲ ಬಂದು ಹೋದವು. ಸ್ಟೇಷನ್ ಮಾತ್ರ ಬರಲಿಲ್ಲ.

ಅಕ್ಕ ನಗರದ ಕಣ್ಣಾಸ್ಪತ್ರೆಯಲ್ಲಿ ದೃಷ್ಟಿ ಪರೀಕ್ಷೆ ಮಾಡುವವಳು. ಬೆಳಗ್ಗೆ ಆರು ಹತ್ತರ ಬಸ್ಸು, ನಡುವೆ ಇಳಿದು ಇನ್ನೊಂದು ಬಸ್ಸು, ಒಟ್ಟು ಒಂದು ಮುಕ್ಕಾಲು ಗಂಟೆ. ಸಂಜೆ ಅದೇ ತಿರುವುಮುರುವು. ಹೋಗುವಾಗ ನಿಂತು, ಅಲ್ಲಿ ನಿಂತು ದುಡಿದು, ಬರುವಾಗ ನಿಂತು ಅವಳ ಬಲಮಂಡಿ ಸವೆದಿದೆ. ಮನೆಗೆ ಬಂದವರು ಇಷ್ಟು ದೂರ ಯಾಕೆ ಮನೆ ಮಾಡಿದಿರಿ ಎಂದಾಗಲೆಲ್ಲ ಅವಳು ಗಂಡನ ಕಡೆ ಕೈ ತೋರಿಸಿ, “ರೈಲಿಗೆ ಹತ್ರ ಅಂತ” ಎನ್ನುತ್ತಾಳೆ. ಹದಿನೆಂಟು ವರ್ಷದಿಂದ ಇದೇ ಜೋಕು. ಭಾವ ಒಂದು ಸಲವೂ ನಕ್ಕಿಲ್ಲ.

ನಗುವುದು ಅವರ ಜಾಯಮಾನವೂ ಅಲ್ಲ. ಹೆಸರಿಗೆ ಭಾವ, ಮುಖ ನಿರ್ಭಾವ. ಇಪ್ಪತ್ತೆರಡನೇ ವಯಸ್ಸಿನಲ್ಲಿ ತೆಳುಕಾಗದದ ಮೇಲೆ ನಕ್ಷೆಯ ಪ್ರತಿ ತೆಗೆಯುವ ಕೆಲಸಕ್ಕೆ ಸೇರಿದವರು, ಅದೇ ಮಹಡಿಯ ಅದೇ ಕಿಟಕಿಯ ಪಕ್ಕ ಮೂವತ್ತಮೂರು ವರ್ಷ ಕೂತು ಮುಖ್ಯ ನಕ್ಷೆಗಾರರಾದರು. ಈಗ ಎಲ್ಲ ಕೆಲಸ ಕಂಪ್ಯೂಟರಿನಲ್ಲೇ ಆಗುತ್ತದೆ. ಆದರೂ ಅವರ ಅಂಗಿಜೇಬಿನಲ್ಲಿ ಉಕ್ಕಿನದೊಂದು ಅಡಿಕೋಲು ಇದ್ದೇ ಇರುತ್ತದೆ. ಇರುವುದು ಅರ್ಧ ಅಡಿ, ಕರೆಯುವುದು ಅಡಿಕೋಲು. ಪರದೆ, ಕಾಲೊರಸು, ಮಗಳ ಹೊಸ ಚಪ್ಪಲಿ, ಅಡಿಗಡಿಗೂ ಅದು ಹೊರಬರಬೇಕು. ಒಮ್ಮೆ ನಮ್ಮ ಮನೆಗೆ ಬಂದವರು ಗೋಡೆಯ ಮೇಲಿನ ಫೋಟೋ ನಾಲ್ಕು ಮಿಲಿಮೀಟರ್ ವಾಲಿದೆ ಎಂದು ಅಳೆದು ತೋರಿಸಿ, ಸರಿಮಾಡದೆ ಕೂತುಬಿಟ್ಟರು. ಅಳೆಯುವುದು ಅವರ ಕೆಲಸ, ಮೊಳೆ ಹೊಡೆಯುವುದು ನಮ್ಮದಂತೆ. ಇಂಥ ಮನುಷ್ಯ ‘ಪರಿಶೀಲಿಸಿದವರು’ ಎಂಬ ಚೌಕದಲ್ಲಿ ಸಹಿ ಹಾಕಿದ ಮೇಲೆ ಆ ನಕ್ಷೆ ವಾಪಸು ಬಂದ ಉದಾಹರಣೆ ಇರಲಿಲ್ಲ.

ಕೊನೆಗೂ ಕಳೆದ ವರ್ಷ ಚುಕ್ಕೆಗಳು ಒಂದಕ್ಕೊಂದು ಕೂಡಿಕೊಂಡು ಗೆರೆಯಾದವು. ಉಪನಗರ ನಿಲ್ದಾಣ ಮಂಜೂರಾಯಿತು. ನಾನೂರ ಹನ್ನೆರಡು ಕಾರು, ಒಂಬೈನೂರು ಸ್ಕೂಟರು ನಿಲ್ಲುವ ಪಾರ್ಕಿಂಗ್. ವಾಹನ ಇಲ್ಲಿ ಬಿಡಿ, ಇಪ್ಪತ್ತಾರು ನಿಮಿಷದಲ್ಲಿ ನಗರ ಸೇರಿ ಎಂಬುದು ಯೋಜನೆ. ಅಕ್ಕ ಅಂದು ಭಾವನ ತಟ್ಟೆಗೆ ಕೇಳದೆಯೇ ಎರಡನೇ ಸಲ ಬಡಿಸಿದಳು.

ಆ ಕಚೇರಿಯಲ್ಲಿ ನಕ್ಷೆ ಬರೆಯುವುದಕ್ಕೊಂದು ಕ್ರಮವಿದೆ. ಹಳಿ, ಪ್ಲಾಟ್‌ಫಾರಂ, ಟಿಕೆಟ್ ಕಿಟಕಿ ಇಷ್ಟನ್ನೂ ಪ್ಲಾಟ್‌ಫಾರಂ ವಿಭಾಗದವರು ಬರೆಯಬೇಕು. ಪಾರ್ಕಿಂಗನ್ನು ವಾಹನ ವಿಭಾಗದವರು. ನಡುವೆ ಒಂದು ಗಡಿರೇಖೆ. ಅವರ ಹಾಳೆ ಅಲ್ಲಿಗೆ ಮುಗಿಯುತ್ತದೆ, ಇವರ ಹಾಳೆ ಅಲ್ಲಿಂದ ಶುರು. ಗಡಿಯಾಚೆ ಒಂದು ಕೂದಲೆಳೆಯಷ್ಟು ಗೆರೆ ಎಳೆದರೂ ಅತಿಕ್ರಮಣ, ವಿವರಣೆ ಕೊಡಬೇಕು. ವಿಭಾಗ ಎಂಬ ಮಾತಿನಲ್ಲೇ ಭಾಗಾಕಾರ ಇದೆ ನೋಡಿ. ಕೂಡುವ ಲೆಕ್ಕವನ್ನು ಅಲ್ಲಿ ಯಾರಿಗೂ ವಹಿಸಿಲ್ಲ. ಭಾವ ಮೂರು ವಾರ ಕೂತು ಎರಡೂ ಹಾಳೆಗಳನ್ನು ಪರೀಕ್ಷಿಸಿದರು. ಬೇರೆ ಬೇರೆಯಾಗಿ. ಎರಡರಲ್ಲೂ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಸಹಿಯೊಂದು ಬಾಕಿ. ಶುಕ್ರವಾರ ನಕ್ಷೆ ಗುತ್ತಿಗೆದಾರರ ಕೈ ಸೇರುವುದಿತ್ತು.

ಅದಕ್ಕೆ ಮುಂಚಿನ ಭಾನುವಾರ ಭಾವ ಎರಡೂ ಹಾಳೆಗಳ ಪ್ರತಿ ತಂದು ಊಟದ ಮೇಜಿನ ಮೇಲೆ ಅಕ್ಕಪಕ್ಕ ಹರಡಿದರು. ಹದಿನೆಂಟು ವರ್ಷದ ಬಾಯಿಮಾತನ್ನು ಹೆಂಡತಿಯ ಮುಂದೆ ಕಾಗದದಲ್ಲಿ ತೋರಿಸುವ ಆಸೆ. ನಾನೂ ಅಲ್ಲೇ ಇದ್ದೆ. ಅಕ್ಕ ಕನ್ನಡಕ ಏರಿಸಿ, ಸ್ಕೂಟರ್ ಎಲ್ಲಿ ನಿಲ್ಲಿಸಬೇಕು ಎಂದು ಕೇಳಿದಳು. ಭಾವ ತೋರಿಸಿದರು. ಅವಳು ಅಲ್ಲಿ ಬೆರಳಿಟ್ಟಳು.

“ನಿಲ್ಲಿಸಿದೆ. ಈಗ ರೈಲಿಗೆ ಯಾವ ಕಡೆಯಿಂದ ಹೋಗ್ಲಿ?”

“ಇದೇನು ಕೇಳ್ತೀಯ, ಎದುರಿಗೇ ಇದೆಯಲ್ಲ” ಎಂದು ಭಾವ ತಮ್ಮ ಬೆರಳನ್ನು ಪ್ಲಾಟ್‌ಫಾರಂ ಕಡೆ ಓಡಿಸಿದರು. ಬೆರಳು ಹಾಳೆಯ ಅಂಚಿನಲ್ಲಿ ಗೋಡೆಗೆ ಬಡಿದು ನಿಂತಿತು. ಎಡಕ್ಕೆ ಸರಿಸಿದರು, ಗೋಡೆ. ಬಲಕ್ಕೆ ಸರಿಸಿದರು, ಗೋಡೆ. ಪಕ್ಕದ ಹಾಳೆ ನೋಡಿದರೆ ಅಲ್ಲೂ ಒಂದು ಗೋಡೆ. ವಾಹನ ವಿಭಾಗ ಗಡಿಯಿಂದ ಮುಕ್ಕಾಲು ಮೀಟರ್ ಈಚೆಗೆ ತನ್ನ ಗೋಡೆ ಬರೆದಿತ್ತು. ಪ್ಲಾಟ್‌ಫಾರಂ ವಿಭಾಗ ಮುಕ್ಕಾಲು ಮೀಟರ್ ಆಚೆಗೆ ತನ್ನದನ್ನು. ನಡುವೆ ಬೆಕ್ಕುಗಳ ವಾಯುವಿಹಾರಕ್ಕೆಂದೇ ಮಾಡಿಸಿದಂಥ ಒಂದೂವರೆ ಮೀಟರಿನ ಓಣಿ. ಗೋಡೆ ಎರಡೂ ಕಡೆಯವರಿಗೆ ನೆನಪಾಗಿದೆ, ದಾರಿ ಒಬ್ಬರಿಗೂ ಇಲ್ಲ. ರೈಲು ಹತ್ತುವವರು ಪಾರ್ಕಿಂಗಿನಿಂದ ಹೊರಬಿದ್ದು, ಮುಖ್ಯರಸ್ತೆ ಹಿಡಿದು, ಸೇತುವೆಯ ಕೆಳಗೆ ನುಸುಳಿ, ಆಚೆ ಬೀದಿಯಿಂದ ನಿಲ್ದಾಣದ ಬಾಗಿಲಿಗೆ ಬರಬೇಕು. ಭಾವ ಮನಸ್ಸಿನಲ್ಲೇ ಕೂಡಿಸಿದರು.

“ಒಂದು ಕಿಲೋಮೀಟರು ಇನ್ನೂರು ಮೀಟರ್” ಎಂದರು, ತಾವೇ ಕಳ್ಳತನ ಮಾಡಿದವರಂತೆ.

ಅಕ್ಕ ಕನ್ನಡಕ ತೆಗೆದಳು. “ಈ ಮಂಡಿ ಇಟ್ಕೊಂಡು ದಿನಾ ಅಷ್ಟು ನಡೆಯೋಕಾಗಲ್ಲ ರೀ. ಬಸ್‌ಸ್ಟಾಪು ಇನ್ನೂರು ಹೆಜ್ಜೆ, ನನಗೆ ಅದೇ ಸರಿ. ಹದಿನೆಂಟು ವರ್ಷ ಕಾಯಿಸಿ ಗೋಡೆ ಕಟ್ಟಿಸ್ತಿದ್ದೀರಿ. ಅದೂ ಎರಡು.”

ಅವಳು ಜಗಳವಾಡಿದ್ದರೆ ಭಾವ ತಡೆದುಕೊಳ್ಳುತ್ತಿದ್ದರು. ಅವಳು ಎದ್ದು ಮರುದಿನದ ಬಸ್ಸಿಗೆ ಚೀಲ ಸಿದ್ಧಮಾಡಲು ಹೋದಳು.

ಸೋಮವಾರ ಭಾವ ವಾಹನ ವಿಭಾಗದ ಮೇಡಂ ಬಳಿಗೆ ಹೋದರು. ಮೇಡಂ ಒಳ್ಳೆಯವರೇ. ಗೋಡೆಯಲ್ಲಿ ಬಾಗಿಲು ಬಿಡುವುದಕ್ಕೆ ಅವರ ಅಭ್ಯಂತರವೇನೂ ಇರಲಿಲ್ಲ. ಆದರೆ ತಮ್ಮ ಬಾಗಿಲು ತೆರೆದರೆ ಎದುರಿಗೆ ಪ್ಲಾಟ್‌ಫಾರಂನವರ ಗೋಡೆ ಬರುತ್ತದಲ್ಲ, ಮೊದಲು ಅವರು ಬಿಡಲಿ ಎಂದರು. ಪ್ಲಾಟ್‌ಫಾರಂ ಸಾಹೇಬರ ಬಳಿಗೆ ಹೋದರೆ ಅವರೂ ಒಳ್ಳೆಯವರು. ಮೊದಲು ಮೇಡಂ ಬಿಡಲಿ ಎಂದರು. ಗೋಡೆಯನ್ನೇ ತೆಗೆದರೆ ಹೇಗೆ ಎಂದು ಭಾವ ಕೇಳಿದರು. ಗೋಡೆ ತೆಗೆದರೆ ಗಡಿ ಎಲ್ಲಿದೆ ಎಂದು ಗೊತ್ತಾಗುವುದಾದರೂ ಹೇಗೆ ಎಂದು ಸಾಹೇಬರು ಕಕ್ಕಾಬಿಕ್ಕಿಯಾದರು. ಗಡಿ ಇದ್ದಲ್ಲಿ ಗಡಿಬಿಡಿ ಇರುವುದು ಸಹಜ, ಆದರೆ ಇಲ್ಲಿ ಗಡಿಬಿಡಿಯೂ ಇರಲಿಲ್ಲ. ಇಬ್ಬರೂ ನಿಧಾನವಾಗಿ ಚಹಾ ಕುಡಿಯುತ್ತಿದ್ದರು.

ಮಂಗಳವಾರ ಇಬ್ಬರೂ ಸೇರಿ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದರು. ಬಾಗಿಲು ಇಬ್ಬರಿಗೂ ಸೇರಿದ್ದಲ್ಲ, ಪ್ರಯಾಣಿಕರ ವಿಭಾಗಕ್ಕೆ ಸೇರಿದ್ದು. ಮೂರು ಮಹಡಿ ಕೆಳಗಿದ್ದ ಆ ವಿಭಾಗದ ಗುಮಾಸ್ತ, ಹೊಸ ಬಾಗಿಲು ಬೇಕಾದರೆ ಒಂದು ಫಾರಂ ತುಂಬಬೇಕೆಂದ. ಅದರ ನಾಲ್ಕನೇ ಕಲಂ: ಸದರಿ ಬಾಗಿಲನ್ನು ಈಗ ದಿನಕ್ಕೆ ಎಷ್ಟು ಜನ ಬಳಸುತ್ತಿದ್ದಾರೆ? ಬಾಗಿಲೇ ಇಲ್ಲವಲ್ಲ ಎಂದು ಭಾವ ಹೇಳಿದರು. ಹಾಗಾದರೆ ಇಲ್ಲ ಅಂತಲೇ ಬರೆಯಿರಿ ಎಂದ ಆತ. ಸುಳ್ಳು ಅಂಕಿ ಬರೆದು ಅಭ್ಯಾಸವಿಲ್ಲದ ಭಾವ ಸೊನ್ನೆ ಬರೆದರು. ಬುಧವಾರ ಮಧ್ಯಾಹ್ನ ಉತ್ತರ ಬಂತು. ಬಳಕೆದಾರರ ಸಂಖ್ಯೆ ಸೊನ್ನೆ ಇರುವುದರಿಂದ ಬಾಗಿಲಿನ ಅಗತ್ಯ ಕಂಡುಬರುವುದಿಲ್ಲ.

ಆ ಸಂಜೆ ಭಾವ ನನಗೆ ಫೋನ್ ಮಾಡಿದರು. ಹಾಗೆ ಮಾಡುವವರಲ್ಲ.

“ನಿಲ್ದಾಣ ಅಂತಾರಲ್ಲಮ್ಮ, ಸರಿಯಾಗೇ ಇಟ್ಟಿದ್ದಾರೆ ಹೆಸರು. ಕಾರೂ ನಿಲ್ಲುತ್ತೆ, ಕಾರಿನವನೂ ನಿಂತ್ಕೋತಾನೆ. ಸಹಿ ಹಾಕು ಅಂತ ಎಲ್ಲರೂ ಬೆನ್ನು ಹತ್ತಿದ್ದಾರೆ. ನಿಮ್ಮಕ್ಕನ ಮಂಡಿ ಮೇಲೆ ನಾನು ಹೇಗೆ ಸಹಿ ಹಾಕ್ಲಿ?”

ಸಹಿ ಹಾಕಲಾಗದು, ಸಹಿಸಲೂ ಆಗದು. ಏನು ಮಾಡುತ್ತೀರಿ ಎಂದು ಕೇಳಿದೆ. ಹಸಿರು ಪೆನ್ಸಿಲ್ ಕೆತ್ತುತ್ತಿದ್ದೇನೆ ಎಂದರು.

ಅದರ ಅರ್ಥ ಆಮೇಲೆ ತಿಳಿಯಿತು. ಆ ಕಚೇರಿಯಲ್ಲಿ ಬಣ್ಣಕ್ಕೊಂದು ಅಂತಸ್ತಿದೆ. ನಕ್ಷೆಗಾರರದು ಕಪ್ಪು. ವಿಭಾಗದ ಮುಖ್ಯಸ್ಥರದು ಕೆಂಪು. ಕೆಂಪು ಗೆರೆಗೆ ಆಕ್ಷೇಪಣೆ ಬರೆಯಬಹುದು, ಉತ್ತರ ಬರೆಯಬಹುದು, ಉತ್ತರಕ್ಕೆ ಆಕ್ಷೇಪಣೆ ಬರೆಯುತ್ತ ನಿವೃತ್ತರಾಗಬಹುದು. ಹಸಿರು ಮಾತ್ರ ಎಲ್ಲರಿಗಿಂತ ಮೇಲಿರುವ ದೊಡ್ಡ ಸಾಹೇಬರದು. ನಕ್ಷೆಯ ಮೇಲೆ ಹಸಿರು ಗೆರೆ ಬಿತ್ತೆಂದರೆ ಅದು ಎಲ್ಲಿ ಹೇಗೆ ಬಿದ್ದಿದೆಯೋ ಹಾಗೇ ನಕ್ಷೆಗೆ ಸೇರಿಸಬೇಕು. ಯಾರ ಒಪ್ಪಿಗೆಯೂ ಬೇಡ, ಯಾಕೆ ಎಂದು ಕೇಳುವಂತಿಲ್ಲ.

ಗುರುವಾರದ ಸಭೆಗೆ ಭಾವನನ್ನು ಕರೆದದ್ದು ನಕ್ಷೆ ಹೊತ್ತು ತರುವುದಕ್ಕೆ ಮತ್ತು ಎಲ್ಲರೆದುರು ಸಹಿ ಹಾಕುವುದಕ್ಕೆ. ಅವರು ಬೆಳಗ್ಗೆಯೇ ಎರಡೂ ಹಾಳೆಗಳ ಅಂಚನ್ನು ಗಡಿರೇಖೆಯ ಗುಂಟ ಕತ್ತರಿಸಿ, ಹಿಂದಿನಿಂದ ಟೇಪು ಹಚ್ಚಿ, ಒಂದೇ ಹಾಳೆ ಮಾಡಿ ಮೇಜಿನ ಮೇಲೆ ಹಾಸಿದ್ದರು. ಮೂವತ್ತಮೂರು ವರ್ಷದಲ್ಲಿ ಅಂಥ ಕೂಡಿಕೆಯನ್ನು ಆ ಕೋಣೆ ಕಂಡಿರಲಿಲ್ಲವಂತೆ. ಪ್ಲಾಟ್‌ಫಾರಂ ಸಾಹೇಬರು ಟೇಪನ್ನು ಉಗುರಿನಿಂದ ಕೆರೆದು ನೋಡಿದರು. ಮೇಡಂ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡರು.

ದೊಡ್ಡ ಸಾಹೇಬರು ಸಹಿ ಆಗಿದೆಯೇ ಎಂದು ಕೇಳಿದರು. ಭಾವ ಪೆನ್ಸಿಲನ್ನು ಅವರ ಕೈಗಿತ್ತರು.

“ಸಾರ್, ನೀವು ಕಾರು ತಂದು ಇಲ್ಲಿ ನಿಲ್ಲಿಸಿದ್ದೀರಿ. ಎಂಟು ಹನ್ನೆರಡರ ರೈಲು. ಪೆನ್ಸಿಲ್ ಎತ್ತದೆ ಪ್ಲಾಟ್‌ಫಾರಂಗೆ ಬರಬೇಕು.”

ಇದೇನು ಮಕ್ಕಳಾಟ ಎಂದು ಸಾಹೇಬರು ಗೊಣಗಿದರೂ ಆಟ ಬಿಡುವ ಮನಸ್ಸಾಗಲಿಲ್ಲ. ಪೆನ್ಸಿಲ್ ಪಾರ್ಕಿಂಗಿನ ಸಾಲುಗಳ ನಡುವೆ ಸರಾಗವಾಗಿ ಸಾಗಿ ಗೋಡೆಯ ಹತ್ತಿರ ನಿಂತಿತು. ಗೋಡೆಯುದ್ದಕ್ಕೂ ನಡೆಯಿತು. ವಾಹನಗಳ ಗೇಟಿನಿಂದ ಹೊರಬಿದ್ದದ್ದೇ ಕಾಗದ ಮುಗಿದುಹೋಯಿತು, ಯಾಕೆಂದರೆ ರಸ್ತೆ ಯಾವ ವಿಭಾಗದ ಹಾಳೆಯಲ್ಲೂ ಇರಲಿಲ್ಲ. ಪೆನ್ಸಿಲ್ ಎತ್ತುವಂತಿಲ್ಲ. ಸಾಹೇಬರು ಮೇಜಿನ ಹಲಗೆಯ ಮೇಲೇ ಗೆರೆ ಎಳೆಯುತ್ತ ಹೋದರು. ನೀರಿನ ಲೋಟ ಸುತ್ತಿ, ಮೇಡಂ ಅವರ ಕಡತದ ಮಗ್ಗುಲಲ್ಲಿ ಹಾದು, ಯಾರದೋ ಚಹಾದ ಕಪ್ಪನ್ನು ಮೊಣಕೈಯಿಂದ ತಳ್ಳಿ, ಮೇಜಿನ ಮೂಲೆಯವರೆಗೆ ಹೋಗಿ, ಸೊಂಟ ಬಗ್ಗಿಸಿ ಮೈಚಾಚಿ ಆಚೆ ಬದಿಯಿಂದ ಮತ್ತೆ ಕಾಗದದ ಮೇಲೆ ಬರುವಷ್ಟರಲ್ಲಿ ಅವರಿಗೆ ಏದುಸಿರು ಬಂದಿತ್ತು.

“ರೈಲು ಹೋಯ್ತು ಸಾರ್” ಎಂದರು ಭಾವ.

“ನಡುವೆ ಇರೋದೇನ್ರೀ ಇದು?”

“ಗೋಡೆ ಸಾರ್.”

“ಇದು?”

“ಅದೂ ಗೋಡೆ.”

ಸಾಹೇಬರ ಮುಖ ಕೆಂಪಾಯಿತು. ಅವರು ಪಾರ್ಕಿಂಗಿನ ಸಾಲಿನಿಂದ ಪ್ಲಾಟ್‌ಫಾರಂವರೆಗೆ, ಎರಡೂ ಗೋಡೆಗಳನ್ನು ಸೀಳಿ, ಬರ್‍ರೆಂದು ಒಂದು ಗೆರೆ ಎಳೆದು ಪೆನ್ಸಿಲ್ ಎಸೆದರು. ಮನುಷ್ಯರು ಹೀಗಲ್ಲವೇನ್ರೀ ಬರೋದು ಎಂದರು. ಗೆರೆ ಹಸಿರಾಗಿತ್ತು. ಅದನ್ನು ಮೊದಲು ಗಮನಿಸಿದವರು ಪ್ಲಾಟ್‌ಫಾರಂ ಸಾಹೇಬರು. ಆಕ್ಷೇಪಣೆಗೆಂದು ಕೈಗೆತ್ತಿಕೊಂಡ ಕೆಂಪು ಪೆನ್ಸಿಲನ್ನು ಮತ್ತೆ ಜೇಬಿಗಿಳಿಸಿದರು.

ಇಲ್ಲಿಗೆ ಕಥೆ ಮುಗಿದಿದ್ದರೆ ಅದು ಆ ಕಚೇರಿಯೇ ಅಲ್ಲ. ಸಿಟ್ಟಿನಲ್ಲಿ ಎಳೆದ ಗೆರೆ ನೆಟ್ಟಗಿರುತ್ತದೆಯೇ? ಓರೆಯಾಗಿತ್ತು. ಇದ್ದಹಾಗೇ ಸೇರಿಸಬೇಕೆಂಬುದು ನಿಯಮ. ಮೇಡಂ ತಮ್ಮ ಗೋಡೆಯನ್ನು ಗೆರೆ ಹಾದಲ್ಲಿ ಮೂರು ಮೀಟರ್ ತೆರೆದರು. ಪ್ಲಾಟ್‌ಫಾರಂ ಸಾಹೇಬರು ತಮ್ಮ ಗೋಡೆಯನ್ನು ಗೆರೆ ಹಾದಲ್ಲಿ ಮೂರು ಮೀಟರ್ ತೆರೆದರು. ಎರಡೂ ಒಂದು ಮೀಟರ್ ಆಚೀಚೆಯಾದವು. ಪಾರ್ಕಿಂಗಿನಿಂದ ಬಂದವರು ಮೊದಲ ಗೋಡೆ ದಾಟಿ, ಸ್ವಲ್ಪ ಸೊಟ್ಟಗೆ ತಿರುಗಿ, ಎರಡನೆಯದನ್ನು ದಾಟಬೇಕು. ಅದನ್ನು ನೆಟ್ಟಗೆ ಮಾಡಲು ಭಾವ ಎರಡು ತಾಸು ಬೇಡಿಕೊಂಡರು. ಹಸಿರು ಗೆರೆ ತಿದ್ದುವವನು ಇನ್ನೂ ಹುಟ್ಟಿಲ್ಲ ಎಂಬ ಉತ್ತರ ಎರಡೂ ಕಡೆಯಿಂದ ಬಂತು. ಆಮೇಲೆ ಬಾಗಿಲಿನ ಕೀಲಿಕೈ ಯಾರ ಬಳಿ ಇರಬೇಕೆಂಬ ಚರ್ಚೆ ಆರಂಭವಾಯಿತು. ತಮ್ಮ ಬಳಿ ಎಂದು ಒಬ್ಬರೂ ಹೇಳಲಿಲ್ಲ. ಹಾಗಿದ್ದರೆ ಸದ್ಯಕ್ಕೆ ಬೀಗ ಹಾಕಿಯೇ ಇಡೋಣ ಎಂಬ ಸಲಹೆ ಬಂದಾಗ ಭಾವ ಎದ್ದುನಿಂತರಂತೆ.

“ದೊಡ್ಡ ಸಾಹೇಬರು ಎಳೆದಿರೋದು ದಾರಿ. ಬಾಗಿಲು ಎಳೆದಿಲ್ಲ. ನಾನು ಎಳೆಯಲ್ಲ.”

ಬಾಗಿಲಿಲ್ಲದ, ಕದವಿಲ್ಲದ, ಬೀಗವಿಲ್ಲದ ಎರಡು ಬಯಲು ಕಿಂಡಿಗಳನ್ನು ಬರೆದು, ನಡುವಿನ ಓಣಿಗೆ ನೆಲಗಲ್ಲು ಹಾಸಿ, ಮೇಲೆ ಒಂದು ದೀಪ ಸೇರಿಸಿ, ಶುಕ್ರವಾರ ಹನ್ನೊಂದು ಗಂಟೆಗೆ ಭಾವ ‘ಪರಿಶೀಲಿಸಿದವರು’ ಚೌಕದಲ್ಲಿ ಸಹಿ ಹಾಕಿದರು.

ಆ ಸಂಜೆ ನಾನು ಹೋದಾಗ ಹೊಸ ಪ್ರತಿ ಮೇಜಿನ ಮೇಲಿತ್ತು. ಭಾವ ಆ ಒಂದು ಮೀಟರ್ ಸೊಟ್ಟವನ್ನು ಅಡಿಕೋಲಿಟ್ಟು ಮತ್ತೆ ಮತ್ತೆ ಅಳೆಯುತ್ತ, ಮೂರು ಮೀಟರಿನ ಎರಡು ಕಿಂಡಿ ಕೊಟ್ಟು ಹಾದುಹೋಗಲು ಎರಡೇ ಮೀಟರ್ ಉಳಿಸಿದ್ದಾರೆ, ಇವರೇನು ಮನುಷ್ಯರೋ ಏನೋ ಎಂದು ಹಲುಬುತ್ತಿದ್ದರು. ಅಕ್ಕ ಸ್ಕೂಟರಿನ ಸಾಲಿನಿಂದ ರೈಲಿನವರೆಗೆ ಎಷ್ಟು ದೂರ ಎಂದು ಮಾತ್ರ ಕೇಳಿದಳು.

“ಅರವತ್ತೆರಡು ಮೀಟರ್.”

“ಮತ್ತೆ ಯಾಕೆ ಬೈತೀರಿ? ನಾನೇನು ಅಡ್ಡಡ್ಡ ನಡೀತೀನಾ? ಎರಡು ಮೀಟರಲ್ಲಿ ನಾನೂ ಹಿಡಿಸ್ತೀನಿ, ನನ್ನ ಮಂಡೀನೂ ಹಿಡಿಸುತ್ತೆ.” ಅವಳು ನಕ್ಷೆಯನ್ನು ಮಡಚಿ ಬೀರುವಿನಲ್ಲಿ, ಮನೆಪತ್ರದ ಜೊತೆ ಇಟ್ಟಳು. “ಕಟ್ಟೋಕೆ ಎಷ್ಟು ದಿನ?”

ಎರಡೇ ವರ್ಷ ಎಂಬ ಮಾತು ಭಾವನ ನಾಲಿಗೆಯ ತುದಿಗೆ ಬಂದದ್ದು ನನಗೇ ಕಾಣಿಸಿತು.

“ಗೊತ್ತಿಲ್ಲ” ಎಂದರು.

ಹದಿನೆಂಟು ವರ್ಷದಲ್ಲಿ ಮೊದಲ ಸಲ ಸ್ಟೇಷನ್ ಬಗ್ಗೆ ಸರಿಯಾದ ಮಾಹಿತಿ ಸಿಕ್ಕಿತು ಎಂದು ಅಕ್ಕ ನಕ್ಕು, ಆರು ಹತ್ತರ ಬಸ್ಸಿಗೆ ಅಲಾರಂ ಇಟ್ಟಳು.