ಅಂಟಿನ ತೊಟ್ಟಿಯಲ್ಲಿ ಅಕ್ಷತೆ

ಪೀಣ್ಯದ ಆ ಶೆಡ್ಡಿನಲ್ಲಿ ರಟ್ಟಿನ ಡಬ್ಬಗಳಿಗೆ ಅಂಟು ಹಾಕುವುದು ನನ್ನ ಕೆಲಸ. ಹಾವೇರಿ ಕಡೆಯಿಂದ ಬಂದ ಹೊಸದರಲ್ಲಿ ಬ್ರಷ್ಷಿನಿಂದ ಮೈದಾ ಅಂಟು ಬಳಿಯುತ್ತಿದ್ದೆವು. ಅದು ಒಣಗುವಷ್ಟರಲ್ಲಿ ಪಕ್ಕದವಳ ಸಂಸಾರದ ಕಥೆಯೆಲ್ಲ ಕೇಳಿ ಮುಗಿಯುತ್ತಿತ್ತು. ಆಮೇಲೆ ಗ್ಲೂ ಗನ್ ಬಂತು. ಹಿಂದಿನಿಂದ ಅಂಟಿನ ಕಡ್ಡಿ ತುರುಕಿ ಒತ್ತಿದರೆ ಮೂತಿಯಿಂದ ಕರಗಿದ ಅಂಟು ಬರುತ್ತದೆ, ಬಿದ್ದ ಜಾಗದಲ್ಲೇ ಕಚ್ಚಿಕೊಳ್ಳುತ್ತದೆ. ಬಿದ್ದದ್ದು ಡಬ್ಬವೋ ಬೆರಳೋ ಎಂದು ಅದು ವಿಚಾರಿಸುವುದಿಲ್ಲ. ಗನ್ ಟೇಬಲ್ಲಿನ ಹೆಂಗಸರನ್ನು ಗುರುತಿಸಲು ಐಡಿ ಕಾರ್ಡು ಬೇಕಿರಲಿಲ್ಲ, ಬೆರಳಿನ ಸುಟ್ಟ ಕಲೆ ನೋಡಿದರೆ ಸಾಕಿತ್ತು.

ಕೊನೆಗೊಂದು ದಿನ ಮಷೀನು ಬಂತು. ಸಬ್ಬಕ್ಕಿಯಂಥ ಅಂಟಿನ ಕಾಳುಗಳನ್ನು ತೊಟ್ಟಿಗೆ ಸುರಿದರೆ ಅವು ಕರಗಿ, ಬಿಸಿ ಪೈಪಿನಲ್ಲಿ ಹರಿದು, ನಾಝಲ್ ಎಂಬ ಸಣ್ಣ ಮೂತಿಯಿಂದ ಬೆಲ್ಟಿನ ಮೇಲೆ ಸಾಗುವ ಡಬ್ಬಕ್ಕೆ ಬೀಳುತ್ತಿದ್ದವು. ಗೆರೆ ಬೇಕೆಂದರೆ ಗೆರೆ, ಚುಕ್ಕಿ ಬೇಕೆಂದರೆ ಚುಕ್ಕಿ. ಮಾಲೀಕರಿಗೆ ಚುಕ್ಕಿಯೇ ಇಷ್ಟ, ಅಂಟು ಉಳಿಯುತ್ತದಲ್ಲ!

ಆ ಮಷೀನು ನನಗೆ ಬೇಕು ಎಂದು ನಾನೇ ಬಾಯಿಬಿಟ್ಟು ಕೇಳಿದೆ. ಸೂಪರ್‌ವೈಸರ್ ನಕ್ಕ. "ಹೆಂಗಸ್ರ ಕೈಗೆ ಮಷೀನ್ ಕೊಟ್ರೆ ಅಷ್ಟೇ ಕಥೆ ಸಾರ್" ಎಂದ. ಮಾಲೀಕರು ಮಾತ್ರ, "ದೀಪಾವಳಿ ತನಕ ನೋಡೋಣಮ್ಮ. ಒಂದೇ ಒಂದು ತೊಂದ್ರೆ ಆದ್ರೂ ವಾಪಸ್ ಗನ್ ಟೇಬಲ್ಲಿಗೆ" ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಕಾಲದಲ್ಲಿ ಇಷ್ಟು ಸಿಕ್ಕಿದ್ದೇ ಹೆಚ್ಚು.

ಅಷ್ಟರಲ್ಲಿ ಆಯುಧಪೂಜೆ ಬಂತು. ಮಷೀನು ಆರಿಸಿ, ಒರೆಸಿ, ಸೇವಂತಿಗೆ ಹಾರ ಹಾಕಿದೆ. ಮಾಲೀಕರ ತಾಯಿ ಅಕ್ಷತೆಯ ಬಟ್ಟಲು ಹಿಡಿದು ಬಂದರು. ಶೆಡ್ಡು ನಿಂತ ನೆಲದಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆದವರು ಅವರು, ಅವರ ಮಾತಿಗೆ ಅಲ್ಲಿ ಎದುರಿಲ್ಲ. ಮಷೀನಿನ ಮೇಲೆ ಅಕ್ಷತೆ ಹಾಕಿದರು, ಸರಿ. ಆಮೇಲೆ, "ಒರಗೆ ಆಕಿದ್ರೆ ಏನ್ ಬಂತು, ಕೆಲ್ಸ ಮಾಡೋದು ಒಟ್ಟೆ ಅಲ್ವಾ?" ಎಂದು ಮುಚ್ಚಳ ಎತ್ತಿಸಿ ತೊಟ್ಟಿಯೊಳಕ್ಕೂ ಒಂದು ಹಿಡಿ ಸುರಿದರು. ನಾನು ಬಾಯಿ ತೆರೆದೆ. ಸೂಪರ್‌ವೈಸರ್ ನನ್ನತ್ತ ಕಣ್ಣು ಬಿಟ್ಟ. ನಾನು ಬಾಯಿ ಮುಚ್ಚಿ ಕೈ ಮುಗಿದೆ. ರಜೆ ಮುಗಿದು ಬಂದು, ಕಣ್ಣಿಗೆ ಕಂಡಷ್ಟು ಅಕ್ಕಿ ಆರಿಸಿ ತೆಗೆದೆ. ಅಂಟಿನ ಕಾಳಿನ ಸಂದಿಯಲ್ಲಿ ಇಳಿದದ್ದು ಇಳಿದೇ ಹೋಗಿತ್ತು.

ಕೆಲವು ದಿನ ಎಲ್ಲ ಚೆನ್ನಾಗಿತ್ತು. ವೈಟ್‌ಫೀಲ್ಡಿನ ಯಾವುದೋ ದೊಡ್ಡ ಆಫೀಸಿಗೆ ದೀಪಾವಳಿ ಸಿಹಿಯ ಡಬ್ಬ ಹೋಗಬೇಕಿದ್ದಾಗಲೇ ನಾಝಲ್ ಕಟ್ಟಿಕೊಂಡಿತು. ಚುಕ್ಕಿಯೂ ಇಲ್ಲ, ಗೆರೆಯೂ ಇಲ್ಲ. ಜೋಡಿಸಿಟ್ಟ ಡಬ್ಬಗಳು ಒಂದೊಂದಾಗಿ ತಾವೇ ಬಾಯಿ ಬಿಟ್ಟವು. ಮಷೀನು ಮಾರಿದ ಕಂಪನಿಯ ಎಂಜಿನಿಯರ್ ಬಂದು ಫಿಲ್ಟರ್ ಬಿಚ್ಚಿ, ಕರಟಿದ ಕಾಳುಗಳನ್ನು ಅಂಗೈಯಲ್ಲಿಟ್ಟು ತೋರಿಸಿದ. ಒಂದರ ತುದಿ ಇನ್ನೂ ಹಳದಿಯಾಗಿತ್ತು.

"ಅಕ್ಕಿ ಸಾರ್ ಇದು. ಅಂಟಿನ ಟ್ಯಾಂಕಿಗೆ ಅಕ್ಕಿ ಯಾರ್ ಹಾಕ್ತಾರೆ?" ಎಂದ ಅವನು.

ಶೆಡ್ಡಿನಲ್ಲಿದ್ದ ಎಲ್ಲರಿಗೂ ಉತ್ತರ ಗೊತ್ತಿತ್ತು. ಆದ್ದರಿಂದ ಎಲ್ಲರಿಗೂ ಒಮ್ಮೆಗೇ ಕೈತುಂಬ ಕೆಲಸ ಬಂತು. ಸೂಪರ್‌ವೈಸರ್ ಮಾತ್ರ ಬಹಳ ಬುದ್ಧಿವಂತ. "ಚಿತ್ರಾನ್ನ ಸಾರ್! ಈವಮ್ಮ ಮಷೀನ್ ಪಕ್ಕದಲ್ಲೇ ಕೂತು ಊಟ ಮಾಡಿರ್ತಾಳೆ" ಎಂದ. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿತಂತೆ!

"ನನ್ನ ಡಬ್ಬಿ ಒಳಗ ಅನ್ನ ಇರೂದಿಲ್ರಿ ಸಾರ್, ದಿನಾ ರೊಟ್ಟಿ ತರಾಕಿ ನಾನು" ಎಂದೆ. ಗನ್ ಟೇಬಲ್ಲಿನ ಹೆಂಗಸರು ತಲೆ ಕೆಳಗೆ ಹಾಕಿ ನಕ್ಕರು. ನನ್ನ ಗಟ್ಟಿ ರೊಟ್ಟಿ ಮುರಿಯುವ ಸದ್ದು ದಿನವೂ ಕೇಳುವವರು ಅವರು.

ಮಾಲೀಕರು ನನ್ನನ್ನು ಒಳಗೆ ಕರೆದರು. ದನಿ ಬೆಣ್ಣೆಯ ಹಾಗಿತ್ತು. "ನೋಡಮ್ಮ, ಏನಾಗಿದೆ ಅಂತ ನಂಗೂ ಗೊತ್ತು, ನಿಂಗೂ ಗೊತ್ತು. ಪೂಜೆಯಿಂದ ಮಷೀನ್ ಕೆಡ್ತು ಅಂದ್ರೆ ನಮ್ಮಮ್ಮ ಊಟಾನೇ ಬಿಟ್ಬಿಡ್ತಾರೆ. ನೀನೇ ಅನ್ನ ಚೆಲ್ದೆ ಅಂತ ಒಪ್ಕೊಂಡ್ಬಿಡು. ಮಷೀನ್ ನಿಂದೇ, ಪರ್ಮನೆಂಟಾಗಿ. ಇಲ್ಲಾಂದ್ರೆ ತೊಂದ್ರೆ ಆಗಿದ್ದಂತೂ ನಿಜ ತಾನೆ?"

ನಿಜ ಹೇಳಿದರೆ ಗನ್ನು, ಸುಳ್ಳು ಹೇಳಿದರೆ ಮಷೀನು. ನನ್ನವ್ವ ಕೇಳಿದ್ದರೆ ಅಲ್ಲೇ ಉಗಿದು ಬರುತ್ತಿದ್ದಳು. ನಾನು ಬೆರಳು ನೋಡಿಕೊಂಡು, ಹೊರಗೆ ಬಂದು, ಎಲ್ಲರ ಮುಂದೆ, "ಹೌದ್ರಿ, ನಾನಽ ಚೆಲ್ಲಿದ್ದು. ಚಿತ್ರಾನ್ನ" ಎಂದೆ. ಸೂಪರ್‌ವೈಸರ್ ತನ್ನ ಬುದ್ಧಿಗೆ ತಾನೇ ತಲೆದೂಗಿದ.

ಮಷೀನು ನನ್ನದಾಯಿತು. ಎಂಜಿನಿಯರ್ ಎಲ್ಲ ತೊಳೆದು ಕೊಟ್ಟು ಹೋದ, ಡಬ್ಬಗಳು ಮತ್ತೆ ಸಾಗತೊಡಗಿದವು. ಆದರೆ ಸುದ್ದಿ ಮಾಲೀಕರ ಮನೆಗೂ ಮುಟ್ಟಿತ್ತು. ಮಾರನೆಯ ದಿನ ಅವರ ತಾಯಿ ಬಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ಇರ್ಲಿ ಬುಡವ್ವ, ಅಸಿವು ಯಾರ್ ಮಾತು ಕೇಳ್ತದೆ? ದೊಡ್ಡ ಮನಸ್ ಮಾಡು ಅಂತ ನನ್ ಮಗಂಗೆ ನಾನೇ ಯೋಳಿವ್ನಿ" ಎಂದು ನನ್ನ ಬೆನ್ನು ಸವರಿದರು. ತಮ್ಮದೇ ಅಕ್ಕಿಗೆ ನನ್ನನ್ನು ಕ್ಷಮಿಸಿ ಕಣ್ಣಲ್ಲಿ ನೀರು ಕೂಡ ತಂದುಕೊಂಡರು. ಆಮೇಲೆ ಸೆರಗಿನ ಮರೆಯಿಂದ ಬಟ್ಟಲು ತೆಗೆದರು. "ಪೂಜೆ ಮಾಡಿದ್ ಮಸೀನು, ಎಂಜ್ಲಾಗೋಯ್ತಲ್ಲ. ಮುಚ್ಚಳ ಎತ್ತು, ಇನ್ನೊಂದ್ ಇಡಿ ಆಕ್ಬುಡ್ತೀನಿ, ಎಲ್ಲಾ ಸುದ್ದ ಆಯ್ತದೆ."

ಮಾಲೀಕರು ಗೋಡೆ ನೋಡಿದರು. ಸೂಪರ್‌ವೈಸರ್ ನೆಲ ನೋಡಿದ. ನಾನು ತೊಟ್ಟಿಗೆ ಅಡ್ಡ ಬಂದು ನಿಂತು, ಬೆನ್ನ ಹಿಂದೆ ಕೈಯಿಟ್ಟು ಮುಚ್ಚಳ ಒತ್ತಿ ಹಿಡಿದುಕೊಂಡೆ.

"ಮಷೀನಿಂದೇನು ತಪ್ಪೈತಿ ಅಮ್ಮಾರ? ತಪ್ಪು ಮಾಡಿದಾಕಿ ನಾನು, ನನ್ನ ತಲಿ ಮ್ಯಾಲೆ ಹಾಕ್ರಿ" ಎಂದು ತಲೆ ಬಗ್ಗಿಸಿದೆ.

ಬಟ್ಟಲು ಬರಿದಾಗುವ ತನಕ ಅವರು ಹಾಕಿದರು.